ಕನ್ನಡ ವಿಕಿಪೀಡಿಯದ ಸಾಲ-ಬಡ್ಡಿಯ ಕತೆ

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. 1973ರ ನವೆಂಬರ್ 1ರಂದು ಅದು ಕರ್ನಾಟಕವಾಯಿತು. ವಿಶ್ವಕೋಶದ ಹೆಚ್ಚಿನ ಸಂಪುಟಗಳು ಆಗಿನ್ನೂ ಬರಬೇಕಿತ್ತು. ಹದಿನಾಲ್ಕನೆಯ ಸಂಪುಟದ ಹೊತ್ತಿಗೆ ಶತಮಾನವೇ ಬದಲಾಗಿತ್ತು. ಅಷ್ಟರಲ್ಲಿ ಸೋವಿಯತ್ ಒಕ್ಕೂಟ ಮಾಯವಾಗಿತ್ತು, ಟೆಲೆಕ್ಸ್ ಹೋಗಿ ಮಿಂಚಂಚೆ ಬಂದಿತ್ತು, 'ಅ' ಅಕ್ಷರಕ್ಕೆ ಬರೆದ ಎಷ್ಟೋ ವಿದ್ವಾಂಸರು ಕೊನೆಯ ಅಕ್ಷರ ನೋಡಲು ಉಳಿದಿರಲಿಲ್ಲ.

ಇದನ್ನು ಹಗುರ ಮಾಡಿ ಹೇಳುತ್ತಿಲ್ಲ. ಆ ಕೆಲಸ ದೊಡ್ಡದು. ಅದಕ್ಕೂ ಮುಂಚೆ 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟದ 'ಬಾಲಪ್ರಪಂಚ'ವನ್ನು ಒಬ್ಬರೇ ಹೊತ್ತು ತಂದಿದ್ದರು. ಒಬ್ಬರ ಹೆಗಲಿನಿಂದ ಒಂದು ವಿಶ್ವವಿದ್ಯಾನಿಲಯದ ಹೆಗಲಿಗೆ ಬಂದದ್ದೇ ಒಂದು ಹೆಜ್ಜೆ. ಆದರೆ ಅಚ್ಚಿನ ಪುಸ್ತಕಕ್ಕೆ ಒಂದು ಶಾಪವಿದೆ. ತಿದ್ದಬೇಕಾದರೆ ಮರುಮುದ್ರಣವಾಗಬೇಕು, ಮರುಮುದ್ರಣಕ್ಕೆ ದುಡ್ಡು ಬೇಕು, ದುಡ್ಡಿಗೆ ಸಮಿತಿ ಬೇಕು. ಕಿಟೆಲ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದನ್ನು ಪರಿಷ್ಕರಿಸಿ ವಿಸ್ತರಿಸಿದ ಮರಿಯಪ್ಪ ಭಟ್ಟರ ಆವೃತ್ತಿ ಮದರಾಸು ವಿಶ್ವವಿದ್ಯಾನಿಲಯದಿಂದ ಬರಲು ಶುರುವಾದದ್ದು 1968ರಲ್ಲಿ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಎಪ್ಪತ್ನಾಲ್ಕು ವರ್ಷ!

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಎಲ್ಲರೂ ಸೇರಿ ಸುತ್ತು ಸುತ್ತಾಗಿ ಮಾಡುವ ಮುಕ್ತ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಇಪ್ಪತ್ತು ವರ್ಷಕ್ಕೂ ಮೀರಿದ ಒಂದು ಉದಾಹರಣೆ ಇದೆ. ಅದು ಕನ್ನಡ ವಿಕಿಪೀಡಿಯ. ಬಿ.ಕಾಂ. ಓದಿ ಬ್ಯಾಂಕು ಸೇರಿದವನಿಗೆ ಇದರಲ್ಲೇನು ಕೆಲಸ ಎನ್ನಬೇಡಿ. ಕೆಲಸ ಇದೆ, ಮುಂದೆ ಹೇಳುತ್ತೇನೆ.

ವಿಕಿಪೀಡಿಯಕ್ಕೆ ಒಬ್ಬ ಅಣ್ಣನಿದ್ದ. ಹೆಸರು ನ್ಯೂಪೀಡಿಯ. 2000ದ ಮಾರ್ಚಿಯಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಅದನ್ನು ಆರಂಭಿಸಿದರು. ಅದೂ ಮುಕ್ತವೇ, ಅದೂ ಅಂತರ್ಜಾಲದ್ದೇ. ಆದರೆ ಒಂದು ಲೇಖನ ಪ್ರಕಟವಾಗಬೇಕಾದರೆ ಏಳು ಹಂತದ ಪರಿಶೀಲನೆ ದಾಟಬೇಕಿತ್ತು, ಪರಿಣತರ ಒಪ್ಪಿಗೆ ಬೇಕಿತ್ತು. ನಮ್ಮಲ್ಲಿ ದೊಡ್ಡ ಸಾಲದ ಫೈಲು ಶಾಖೆಯಿಂದ ವಲಯ ಕಚೇರಿಗೆ, ಅಲ್ಲಿಂದ ಕೇಂದ್ರ ಕಚೇರಿಗೆ ಹೋಗಿ 'ಕ್ವೆರಿ' ಸಮೇತ ವಾಪಸು ಬರುವ ಹಾಗೆ. ಮೂರೂವರೆ ವರ್ಷದಲ್ಲಿ ಪೂರ್ತಿಯಾದ ಲೇಖನಗಳು ಇಪ್ಪತ್ತೈದರ ಆಸುಪಾಸು. 2003ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿತು.

ಈ ನಡುವೆ, 2001ರ ಜನವರಿ 15ರಂದು, ನ್ಯೂಪೀಡಿಯಕ್ಕೆ ಕಚ್ಚಾ ಲೇಖನ ಒದಗಿಸಲೆಂದು ಪಕ್ಕದಲ್ಲೊಂದು ಅಂಗಡಿ ತೆರೆದರು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ತಕ್ಷಣ ಪ್ರಕಟ, ಯಾರು ಬೇಕಾದರೂ ತಿದ್ದಬಹುದು. ವರ್ಷದ ಕೊನೆಗೆ ಅದರಲ್ಲಿ ಸುಮಾರು ಇಪ್ಪತ್ತು ಸಾವಿರ ಲೇಖನ. ಅದೇ ವಿಕಿಪೀಡಿಯ. ಅಂಗಡಿ ಉಳಿಯಿತು, ಅರಮನೆ ಹೋಯಿತು.

ಇದಕ್ಕೆ ಬಳಸಿದ 'ವಿಕಿ' ಎಂಬ ಉಪಾಯ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಾಂಶಗಾರನದು. 1995ರಲ್ಲಿ ಮಾಡಿದ್ದು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ 'ಬೇಗ'. ಹೊನಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರು ನೋಡಿ ಇಟ್ಟದ್ದಂತೆ. ಇದೇ ಮನುಷ್ಯ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಬೆಟ್ಟಗಳ ನಡುವೆ ಸೇರಿ 'ಅಜೈಲ್' ಪ್ರಣಾಳಿಕೆ ಬರೆದ ಹದಿನೇಳು ಜನರಲ್ಲಿ ಒಬ್ಬ. ನಿಮ್ಮ ಮನೆಯ ಮಕ್ಕಳು ನೊಯ್ಡಾ ಅಥವಾ ಗುರ್ಗಾಂವ್‌ನ ಐಟಿ ಕಂಪನಿಯಲ್ಲಿದ್ದರೆ 'ಸ್ಪ್ರಿಂಟ್', 'ಸ್ಕ್ರಮ್' ಎಂದೆಲ್ಲ ಫೋನಿನಲ್ಲಿ ಮಾತಾಡುವುದನ್ನು ಕೇಳಿರುತ್ತೀರಿ, ಅದೇ ಪಂಥ. ಒಂದೇ ಸಲ ದೊಡ್ಡದಾಗಿ ಕಟ್ಟಬೇಡ, ಸ್ವಲ್ಪ ಕಟ್ಟಿ ಜನರ ಕೈಗೆ ಕೊಡು, ಅವರು ಹೇಳಿದ್ದನ್ನು ಕೇಳಿ ಮುಂದಿನ ಸುತ್ತು ಕಟ್ಟು ಎನ್ನುವುದು ಅದರ ಸಾರ.

ನನ್ನಂಥವನ ಕಿವಿ ನೆಟ್ಟಗಾದದ್ದು ಆತನ ಇನ್ನೊಂದು ಮಾತಿಗೆ. 1992ರಲ್ಲಿ ಆತ ಹೂಡಿಕೆ ಲೆಕ್ಕದ ಒಂದು ತಂತ್ರಾಂಶ ಮಾಡುತ್ತಿದ್ದ. ಮೊದಲ ಸುತ್ತಿನಲ್ಲಿ ಅರ್ಧಂಬರ್ಧವಾಗಿ ಬರೆದದ್ದನ್ನು ಮತ್ತೆ ಯಾಕೆ ಬಿಚ್ಚಿ ಬರೆಯಬೇಕು ಎಂಬುದನ್ನು ಹಣಕಾಸಿನವರಿಗೆ ತಿಳಿಯುವಂತೆ ಹೇಳಬೇಕಿತ್ತು. ಅದಕ್ಕೆ ಆತ ಹಿಡಿದ ಹೋಲಿಕೆ ಸಾಲದ್ದು. ಅಪೂರ್ಣ ಕೆಲಸವನ್ನು ಹೊರಗೆ ಬಿಡುವುದು ಸಾಲ ಮಾಡಿದ ಹಾಗೆ. ಸಾಲದಿಂದ ಕೆಲಸ ಬೇಗ ಆಗುತ್ತದೆ, ತಪ್ಪೇನಿಲ್ಲ. ಆದರೆ ಬೇಗ ಹಿಂತಿರುಗಿ ಬಂದು ಸರಿಪಡಿಸಿ ತೀರಿಸಬೇಕು. ತೀರಿಸದಿದ್ದರೆ ಆ ಕೊರೆಯ ಮೇಲೆ ಮಾಡುವ ಪ್ರತಿ ಕೆಲಸಕ್ಕೂ ಬಡ್ಡಿ ಬೀಳುತ್ತದೆ. ತಂತ್ರಾಂಶದವರು ಇಂದಿಗೂ ಇದನ್ನು 'ಟೆಕ್ನಿಕಲ್ ಡೆಟ್' ಎನ್ನುತ್ತಾರೆ.

ಸಾಲ ಕೊಟ್ಟು, ವಸೂಲಿ ಮಾಡಿ ತಲೆ ನರೆತವನಿಗೆ ಇದಕ್ಕಿಂತ ಸಲೀಸಾದ ವಿವರಣೆ ಬೇಕೆ? ನ್ಯೂಪೀಡಿಯ ಸಾಲವೇ ಮಾಡದೆ ವ್ಯಾಪಾರ ಮಾಡಲು ಹೋದ ಅಂಗಡಿ. ವಿಕಿಪೀಡಿಯ ಧಾರಾಳವಾಗಿ ಸಾಲ ಮಾಡಿತು. ಇಂಗ್ಲಿಷಿನಲ್ಲಿ ಅದು ಬದುಕಿದ್ದು ಯಾಕೆಂದರೆ ತೀರಿಸುವವರು, ಅಂದರೆ ಮತ್ತೆ ಮತ್ತೆ ಬಂದು ತಿದ್ದುವವರು, ಸಾವಿರಗಟ್ಟಲೆ ಇದ್ದರು.

ಈಗ ಕನ್ನಡಕ್ಕೆ ಬರೋಣ. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಆಗಿನ ಕಾಲ ನೆನಪಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಕನ್ನಡ ಎಂದರೆ ಶೇಷಾದ್ರಿವಾಸು ಅವರ 'ಬರಹ' ಅಥವಾ ಕನ್ನಡ ಗಣಕ ಪರಿಷತ್ತಿನ 'ನುಡಿ'. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಗೆ ಕಾಲು ಗುಬ್ಬಿ ಕಾಲು. ವಿಕಿಪೀಡಿಯಕ್ಕೆ ಯುನಿಕೋಡ್ ಬೇಕು. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಆ ಜಾಗದ ನಕ್ಷೆಯ ಮೂಲ ನಮ್ಮ ದೆಹಲಿಯದೇ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಕಾಲದ 'ಇಸ್ಕಿ' ಸಂಕೇತಕ್ರಮ. ಆದರೆ ಸಾಮಾನ್ಯರ ಕಂಪ್ಯೂಟರಿಗೆ ಅದು ಬಂದದ್ದು ವಿಂಡೋಸ್ ಎಕ್ಸ್‌ಪಿ ಮತ್ತು ಅದರ 'ತುಂಗಾ' ಅಕ್ಷರಗಳ ಜೊತೆಗೆ. ಕಚೇರಿಗಳಲ್ಲಿ ಇನ್ನೂ ವಿಂಡೋಸ್ 98 ಓಡುತ್ತಿದ್ದ ಕಾಲದಲ್ಲಿ ಎಷ್ಟೋ ಮಂದಿಗೆ ಕನ್ನಡ ವಿಕಿಪೀಡಿಯ ಎಂದರೆ ಸಾಲು ಸಾಲು ಡಬ್ಬಿಗಳು, ಪ್ರಶ್ನಾರ್ಥಕ ಚಿಹ್ನೆಗಳು!

ಹರಿಪ್ರಸಾದ್ ನಾಡಿಗ್ ಅವರಂಥ ಕೆಲವು ಹುಡುಗರು ಬಿಡುವಿನ ವೇಳೆಯಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಿದರು. (ಇವರೇ 2005ರಲ್ಲಿ 'ಸಂಪದ'ವನ್ನೂ ಶುರು ಮಾಡಿದವರು, ಹಳಬರಿಗೆ ನೆನಪಿರುತ್ತದೆ.) ಬರಿಯ ಲೇಖನವಲ್ಲ, ಗುಂಡಿಗಳ ಹೆಸರನ್ನೂ ಕನ್ನಡಿಸಬೇಕು. ಚರ್ಚೆಯ ಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟರು. ಯಾರೋ ಪುಣ್ಯಾತ್ಮರು, ಆ ಹೆಸರಿಟ್ಟವರಿಗೆ ಒಂದು ಕಾಫಿ ಕುಡಿಸಬೇಕು. ಎರಡು ಸಾಲಿನ ಲೇಖನಕ್ಕೆ 'ಚುಟುಕು' ಎಂಬ ಚೀಟಿ. ಇನ್ನೂ ಬರೆಯದ ಲೇಖನಕ್ಕೆ ಕೆಂಪು ಕೊಂಡಿ. ಕೆಂಪು ಕೊಂಡಿ ನೋಡಿದ ಮತ್ತೊಬ್ಬ ಬಂದು ಅದನ್ನು ನೀಲಿ ಮಾಡುತ್ತಾನೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಹಾರ.

ಹಳೆಯ ಲೆಡ್ಜರ್ ಕಂಡವರಿಗೆ ವಿಕಿಯ 'ಇತಿಹಾಸ' ಪುಟ ಪರಿಚಿತವೇ ಅನಿಸುತ್ತದೆ. ಲೆಡ್ಜರಿನಲ್ಲಿ ಅಳಿಸುವಂತಿಲ್ಲ. ತಪ್ಪಾದರೆ ಅಡ್ಡಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು. ವಿಕಿಯಲ್ಲೂ ಹಾಗೆಯೇ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಉಳಿಯುತ್ತದೆ, ಬೇಕಾದರೆ ಹಿಂದಿನದಕ್ಕೆ ಮರಳಬಹುದು. ವ್ಯತ್ಯಾಸ ಒಂದೇ. ಬ್ಯಾಂಕಿನಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ಪರಿಶೀಲಿಸದೆ ಅದು ಮುಂದಕ್ಕೆ ಹೋಗುವುದಿಲ್ಲ. ವಿಕಿಯಲ್ಲಿ ಮೊದಲು ಪ್ರಕಟಣೆ, ಪರಿಶೀಲನೆ ಆಮೇಲೆ. ಆ 'ಆಮೇಲೆ' ಬರುವವರು ಯಾರು ಎಂಬುದೇ ಕನ್ನಡದ ಪ್ರಶ್ನೆ.

ಸಣ್ಣ ಸಣ್ಣ ಸಾಲಗಳ ಸಾಲಿಗೆ ಒಂದು ದೊಡ್ಡ ಸಾಲ ಸೇರಿತು, ಅದೂ ಬೇರೆಯವರು ನಮ್ಮ ಹೆಸರಿನಲ್ಲಿ ಮಾಡಿದ್ದು. 2008-09ರ ಸುಮಾರಿಗೆ ಗೂಗಲ್ ಕಂಪನಿ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಹಿಂದಿ, ತಮಿಳು, ತೆಲುಗು, ಬಂಗಾಳಿ, ಕನ್ನಡ ಮೊದಲಾದ ಭಾಷೆಗಳಿಗೆ ತರುವ ಕೆಲಸ ಆರಂಭಿಸಿತು. ಹಣ ಪಡೆದು ಅನುವಾದಿಸುವವರು ಗೂಗಲ್‌ನ ಅನುವಾದ ಸಲಕರಣೆ ಬಳಸಿ ಲೇಖನಗಳನ್ನು ತಂದು ಹಾಕಿದರು. 2010ರ ಜುಲೈನಲ್ಲಿ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ನಡೆದ ವಿಕಿಮೇನಿಯ ಸಮಾವೇಶದ ಹೊತ್ತಿಗೆ ಗೂಗಲ್ ಕೊಟ್ಟ ಲೆಕ್ಕ, ಅರಬ್ಬಿ ಮತ್ತು ಸ್ವಾಹಿಲಿಯೂ ಸೇರಿ, 1 ಕೋಟಿ 60 ಲಕ್ಷ ಪದ. ಉದ್ದೇಶ ಕೆಟ್ಟದಲ್ಲ. ಭಾರತೀಯ ಭಾಷೆಗಳಲ್ಲಿ ಓದಲು ಸರಕಿಲ್ಲ, ತುಂಬಿಸೋಣ ಎಂಬುದು. ಅನುವಾದಗಳ ಈ ರಾಶಿ ತನ್ನ ಯಂತ್ರಾನುವಾದಕ್ಕೂ ನೆರವಾಗುತ್ತದೆ ಎಂಬುದನ್ನೂ ಕಂಪನಿ ಮುಚ್ಚಿಟ್ಟಿರಲಿಲ್ಲ. 2011ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ಕನ್ನಡವೂ ಸೇರಿತು.

ಆದರೆ ಕನ್ನಡ ವಿಕಿಪೀಡಿಯಕ್ಕೆ ಏನಾಯಿತು? ಒಂದೊಂದೂ ಹತ್ತಿಪ್ಪತ್ತು ಪುಟದಷ್ಟು ಉದ್ದದ ಲೇಖನಗಳು ಒಟ್ಟೊಟ್ಟಿಗೆ ಬಂದು ಕೂತವು. ವಿಷಯದ ಆಯ್ಕೆಯಲ್ಲಿ ಇಲ್ಲಿನ ಸಂಪಾದಕರ ಮಾತಿರಲಿಲ್ಲ. ಹಾಲಿವುಡ್ ನಟರು, ವಿದೇಶಿ ಕಂಪನಿಗಳು, ಔಷಧಗಳು ಬಂದವು, ಪಕ್ಕದ ಊರಿನ ಕೆರೆ ಬರಲಿಲ್ಲ. ಭಾಷೆಯಂತೂ ಕೇಳಬೇಡಿ. ಇಂಗ್ಲಿಷ್ ವಾಕ್ಯದ ಬೆನ್ನುಮೂಳೆಗೆ ಕನ್ನಡ ಪದಗಳ ಚರ್ಮ. 'ಮದುವೆ ನಡೆಯಿತು' ಎನ್ನಬೇಕಾದಲ್ಲಿ 'ಮದುವೆಯು ಸ್ಥಳವನ್ನು ತೆಗೆದುಕೊಂಡಿತು' ಎನ್ನುವ ಜಾಯಮಾನದ್ದು (ಇದು ನಾನೇ ಕಟ್ಟಿದ ಉದಾಹರಣೆ, ಆದರೆ ಓದಿದವರಿಗೆ ಅರ್ಥವಾಗುತ್ತದೆ). ಮೈತುಂಬ ಕೆಂಪು ಕೊಂಡಿ, ಮುರಿದ ಟೆಂಪ್ಲೇಟುಗಳು. ಬರೆದವರು ಮುಂದಿನ ಲೇಖನಕ್ಕೆ ಹೋಗಿಬಿಟ್ಟರು. ಎರಡನೆಯ ಸುತ್ತು ಅವರ ಕರಾರಿನಲ್ಲೇ ಇರಲಿಲ್ಲ.

ಇಲ್ಲಿ ನೆರೆಹೊರೆಯವರು ಏನು ಮಾಡಿದರು ನೋಡಿ. ಬಂಗಾಳಿ ವಿಕಿಪೀಡಿಯದವರು ಈ ಗುಣಮಟ್ಟದ ಲೇಖನ ಬೇಡವೇ ಬೇಡ ಎಂದು ಬಾಗಿಲು ಹಾಕಿದರು. ತಮಿಳರು ಕರೆದು ಕೂರಿಸಿ ಮಾತಾಡಿದರು. ವಿಷಯಗಳ ಪಟ್ಟಿಯಲ್ಲಿ ನಮ್ಮ ಮಾತೂ ನಡೆಯಬೇಕು, ಹಾಕಿದ್ದರಲ್ಲಿ ತಪ್ಪು ತೋರಿಸಿದರೆ ತಿದ್ದಬೇಕು ಎಂಬುದು ಅವರ ವಾದ. ಗ್ಡಾನ್ಸ್ಕ್‌ನಲ್ಲೂ ಅವರು ಎದ್ದು ನಿಂತು ತಮ್ಮ ಅನುಭವ ಮಂಡಿಸಿದರು. ತಮಿಳರು ಮಾಡಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಅವರಿಗೆ ಅದು ಸಾಧ್ಯವಾದದ್ದು ಕೂತು ಮಾತಾಡುವಷ್ಟು ಜನ ಇದ್ದದ್ದರಿಂದ. ನಮ್ಮ ಅರಳಿ ಕಟ್ಟೆಯ ಮೇಲೆ ಕೂತವರು ಆಗ ಕೆಲವೇ ಮಂದಿ. 2011ರಲ್ಲಿ ಗೂಗಲ್ ಆ ಯೋಜನೆಯನ್ನು ನಿಲ್ಲಿಸಿತು, ಲೇಖನಗಳು ಉಳಿದವು.

ಬಡ್ಡಿ ಎಂದರೆ ಇದೇ. ಅಂಥ ಒಂದು ಉದ್ದನೆಯ ಲೇಖನವನ್ನು ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ. ಹೊಸದಾಗಿ ಬಂದ ಉತ್ಸಾಹಿ ಅದನ್ನು ತೆರೆದು, ಎರಡು ಪ್ಯಾರಾ ತಿದ್ದಿ, ಸುಸ್ತಾಗಿ ಮತ್ತೆ ಬರುವುದಿಲ್ಲ. ಅಳಿಸೋಣವೆಂದರೆ ಮಾಹಿತಿ ಇದೆಯಲ್ಲ ಎಂಬ ಮೋಹ. ನಮ್ಮಲ್ಲೂ ಕೆಲವು ಖಾತೆಗಳು ಹೀಗೆಯೇ; ರೈಟ್-ಆಫ್ ಮಾಡಲು ಯಾರಿಗೂ ಕೈ ಬಾರದೆ ಪ್ರತಿ ಮಾರ್ಚ್ 31ಕ್ಕೂ ತಲೆನೋವು.

ಹಾಗೆಂದು ತಪ್ಪೆಲ್ಲ ಹೊರಗಿನವರದು ಎನ್ನುವಂತಿಲ್ಲ. ನಮ್ಮವರೇ ಮಾಡಿದ ಇನ್ನೊಂದು ಬಗೆಯ ಸಾಲ ಚುಟುಕುಗಳದ್ದು. 'ಇದು ಇಂಥ ಜಿಲ್ಲೆಯ ಒಂದು ಊರು' ಎಂಬಲ್ಲಿಗೆ ಲೇಖನ ಮುಗಿಯಿತು. ಒಟ್ಟು ಲೇಖನಗಳ ಸಂಖ್ಯೆ ಏರಿತು, ಈಗ 30 ಸಾವಿರ ದಾಟಿದೆ. ಆದರೆ ಸಂಖ್ಯೆಯ ಆಟ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ವಸೂಲಾಗದ ಸಾಲ ಹಾಗೇ ಇದ್ದರೂ ಹೊಸ ಸಾಲವನ್ನು ರಾಶಿ ರಾಶಿ ಕೊಟ್ಟರೆ ಎನ್‌ಪಿಎ ಶೇಕಡಾವಾರು ತಾನಾಗಿ ಇಳಿಯುತ್ತದೆ. 2004ರ ಮಾರ್ಚ್ 31ರಿಂದ ನಮಗೆ 90 ದಿನದ ನಿಯಮ ಬಂತು. 90 ದಿನ ದಾಟಿಯೂ ಕಂತು ಬಾಕಿ ಇದ್ದರೆ ಆ ಸಾಲವನ್ನು ಕೆಟ್ಟದ್ದೆಂದು ತೋರಿಸಲೇಬೇಕು. ಆಗ ಗೊಣಗಿದವರು ಬಹಳ. ಆದರೆ ಅದರಿಂದಾಗಿ ಹಳೆಯ ಫೈಲು ತೆರೆದು ನೋಡುವ ಅಭ್ಯಾಸ ಬಂತು. ಚುಟುಕಿಗೂ ಹಾಗೆ ಒಂದು ಗಡುವು ಇದ್ದಿದ್ದರೆ?

ಸುತ್ತು ಸುತ್ತಾಗಿ ಮಾಡುವುದು ಎಂದರೆ ಅರೆಬೆಂದದ್ದನ್ನು ಬಡಿಸುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ನಮ್ಮ ಕಣ್ಣೆದುರೇ ಇರುವ ದೆಹಲಿ ಮೆಟ್ರೋ ನೋಡಿ. 2002ರ ಡಿಸೆಂಬರ್‌ನಲ್ಲಿ ಅದು ಮೊದಲು ಓಡಿದ್ದು ಶಾಹದರಾದಿಂದ ತೀಸ್ ಹಜಾರಿಗೆ, ಎಂಟು ಕಿಲೋಮೀಟರ್ ಚಿಲ್ಲರೆ. ಆಗ ನಕ್ಕವರಿದ್ದರು, ಇಷ್ಟು ದೂರಕ್ಕೆ ಇಷ್ಟು ಖರ್ಚೇ ಎಂದು. ಆದರೆ ಆ ಎಂಟು ಕಿಲೋಮೀಟರ್ ಪೂರ್ತಿಯಾಗಿತ್ತು. ಟಿಕೆಟ್ ಕೌಂಟರ್ ಇತ್ತು, ಬಾಗಿಲು ಮುಚ್ಚುತ್ತಿತ್ತು, ಯಮುನೆ ದಾಟಿಸುತ್ತಿತ್ತು. ಓಡಿಸುತ್ತಲೇ ಮುಂದೆ ಕಟ್ಟಿದರು. 2009ರಲ್ಲಿ ನೊಯ್ಡಾ, 2010ರಲ್ಲಿ ಗುರ್ಗಾಂವ್. ಗೂಗಲ್‌ನ ಲೇಖನ ಇನ್ನೂರು ಕಿಲೋಮೀಟರ್ ಹಳಿ ಹಾಕಿ ಒಂದೂ ನಿಲ್ದಾಣ ಕಟ್ಟದ ಹಾಗೆ. ನಮ್ಮ ಒಂದು ಸಾಲಿನ ಚುಟುಕು ನಿಲ್ದಾಣದ ಹೆಸರಿನ ಫಲಕ ಮಾತ್ರ ನೆಟ್ಟ ಹಾಗೆ. ಆರೇಳು ಪ್ಯಾರಾದ, ಓದಿದರೆ ಅರ್ಥವಾಗುವ, ಆಧಾರ ಕೊಟ್ಟ ಒಂದು ಲೇಖನ ಶಾಹದರಾ-ತೀಸ್ ಹಜಾರಿ. ಅಂಥವು ಕನ್ನಡದಲ್ಲಿ ಇಲ್ಲವೆಂದಲ್ಲ. ಸಸ್ಯಗಳ, ಯಕ್ಷಗಾನದ, ಕರಾವಳಿಯ ಆಚರಣೆಗಳ ಬಗ್ಗೆ ಪ್ರೀತಿಯಿಂದ ಬರೆದ ಲೇಖನಗಳಿವೆ. ಅವನ್ನು ಬರೆದವರು ಆ ವಿಷಯ ತಮ್ಮದು ಎಂದುಕೊಂಡವರು, ಮತ್ತೆ ಬಂದು ನೋಡುತ್ತಾರೆ.

ಜನರನ್ನು ಹೆಚ್ಚಿಸುವ ಪ್ರಯತ್ನವೂ ನಡೆಯಿತು. 2013ರಿಂದ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪಾಠದ ಭಾಗವಾಗಿ ಕನ್ನಡ ವಿಕಿಪೀಡಿಯಕ್ಕೆ ಬರೆದರು. ಕರಾವಳಿಯ ಕಾಲೇಜುಗಳಲ್ಲಿ ಯು.ಬಿ. ಪವನಜ ಮುಂತಾದವರು ಕಾರ್ಯಾಗಾರ ಮಾಡಿದರು. ಇದರ ಗುಟ್ಟು ಯಾರಿಗೂ ಗೊತ್ತಿರುವಂಥದ್ದೇ. ಅಂಕಕ್ಕಾಗಿ ಬರೆದ ನೂರು ಹುಡುಗರಲ್ಲಿ ಪರೀಕ್ಷೆ ಮುಗಿದ ಮೇಲೂ ಉಳಿಯುವವರು ಒಬ್ಬರೋ ಇಬ್ಬರೋ. ಆ ಒಬ್ಬರೋ ಇಬ್ಬರೋ ಮುಖ್ಯ. ಆದರೆ ಉಳಿದ ತೊಂಬತ್ತೆಂಟು ಮಂದಿ ಬಿಟ್ಟುಹೋದದ್ದನ್ನು ಆ ಇಬ್ಬರೇ ಹೊರಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೀರಿಸುವವರೇ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯ ಸಾಕ್ಷಿ. ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹುಡುಗ ವರ್ಷಗಟ್ಟಲೆ ಕೂತು, ಇಂಗ್ಲಿಷಿನ ಕಾಗುಣಿತ ತಿರುಚಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನ ತುಂಬಿಸಿದ್ದ. 2020ರ ಆಗಸ್ಟ್‌ವರೆಗೆ ಅದು ದೊಡ್ಡ ಸುದ್ದಿಯಾಗಲಿಲ್ಲ. ಪಾಪ, ಅವನದು ದುರುದ್ದೇಶವೂ ಅಲ್ಲ.

ಕನ್ನಡ ಅಲ್ಲಿಗೆ ಹೋಗಿಲ್ಲ. ಆದರೆ 2015ರಲ್ಲಿ ವಿಕಿಪೀಡಿಯದವರೇ ಅನುವಾದ ಸಲಕರಣೆಯೊಂದನ್ನು ತಂದರು, ಈಗ ಯಂತ್ರ ಒಂದು ಕ್ಷಣದಲ್ಲಿ ಕನ್ನಡ ಕೊಡುತ್ತದೆ. ಯಂತ್ರ ಕೊಟ್ಟದ್ದನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟರೆ ಪ್ರಕಟಿಸಲು ಆ ಸಲಕರಣೆ ಬಿಡುವುದಿಲ್ಲ. ಹಳೆಯ ಪಾಠ ಅಷ್ಟರಮಟ್ಟಿಗೆ ನಿಯಮವಾಗಿದೆ. ಇದು ನಮ್ಮಂಥ ವಲಸಿಗರಿಗೆ ದೂರದ ಮಾತಲ್ಲ. ಡಿಡಿಎ ಫ್ಲ್ಯಾಟಿನಲ್ಲಿ ಹದಿನಾಲ್ಕು ಸಂಪುಟ ಇಡಲು ಜಾಗವಿಲ್ಲ, ಮಗನಿಗೋ ಮೊಮ್ಮಗಳಿಗೋ ಶಾಲೆಯಲ್ಲಿ ಕನ್ನಡವಿಲ್ಲ. ಆ ಮಗು ಎಂದೋ ಒಂದು ದಿನ ಕುತೂಹಲಕ್ಕೆ ಫೋನಿನಲ್ಲಿ ಕನ್ನಡದ ಪುಟ ತೆರೆದರೆ ಕಾಣುವುದು ವಿಕಿಪೀಡಿಯ. ಅಲ್ಲಿ 'ಮದುವೆಯು ಸ್ಥಳವನ್ನು ತೆಗೆದುಕೊಂಡಿತು' ಎಂದಿದ್ದರೆ ಕನ್ನಡ ಎಂದರೆ ಹೀಗೆಯೇ ಎಂದುಕೊಳ್ಳುತ್ತದೆ. ಸರಿಯಲ್ಲ ಎಂದು ಹೇಳಲು ಅದರ ಸುತ್ತ ಬೀದಿಯ ಕನ್ನಡ ಇಲ್ಲ.

ಮೈಸೂರಿನ ವಿಶ್ವಕೋಶಕ್ಕೂ ಕೊನೆಗೆ ಎರಡನೆಯ ಸುತ್ತು ಬಂತು. 2014ರಲ್ಲಿ ವಿಶ್ವವಿದ್ಯಾನಿಲಯ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಯಾರೂ ಬಳಸಬಹುದು, ತಿದ್ದಬಹುದು, ಹೆಸರು ಹೇಳಬೇಕು. ಸ್ವಯಂಸೇವಕರು ಅದನ್ನು ಕನ್ನಡ ವಿಕಿಸೋರ್ಸ್‌ಗೆ ಏರಿಸಿದರು. ಅಲ್ಲಿಂದ ಎಷ್ಟೋ ಭಾಗ ವಿಕಿಪೀಡಿಯದ ಲೇಖನಗಳಿಗೆ ಹರಿದಿದೆ. ವಿದ್ವಾಂಸರು ಬರೆದ ಗಟ್ಟಿ ಕನ್ನಡ, ಹಳೆಯದಾದ ಅಂಕಿಅಂಶ. ಗೂಗಲ್‌ನ ಲೇಖನಕ್ಕೆ ತದ್ವಿರುದ್ಧ. ತಿದ್ದಬೇಕಾದದ್ದು ವರ್ಷ, ಜನಸಂಖ್ಯೆ, ಊರಿನ ಹೊಸ ಹೆಸರು ಇಷ್ಟೇ. ಸಂಜೆ ಅರ್ಧ ಗಂಟೆ ಕೂತರೆ ಒಂದು ಪುಟ ಮುಗಿಯುತ್ತದೆ. ನಿವೃತ್ತರಿಗೆ ಹೇಳಿ ಮಾಡಿಸಿದ ಕೆಲಸ.

ತುಳುವಿನವರ ದಾರಿ ಇನ್ನೊಂದು ಬಗೆಯದು. ತುಳು ವಿಕಿಪೀಡಿಯ 2008ರಿಂದ 'ಇನ್‌ಕ್ಯುಬೇಟರ್'ನಲ್ಲಿ, ಅಂದರೆ ಕಾವುಗೂಡಿನಲ್ಲಿ, ಇತ್ತು. ಹೊಸ ಭಾಷೆಗೆ ಸ್ವಂತ ವಿಕಿಪೀಡಿಯ ಕೊಡುವ ಮೊದಲು ಅಲ್ಲಿ ನೋಡುವುದು ಲೇಖನಗಳ ಸಂಖ್ಯೆಯನ್ನಷ್ಟೇ ಅಲ್ಲ; ಒಂದಷ್ಟು ಜನ ತಿಂಗಳಿಂದ ತಿಂಗಳಿಗೆ ಬಿಡದೆ ಬಂದು ಕೆಲಸ ಮಾಡುತ್ತಿದ್ದಾರೆಯೇ ಎಂಬುದನ್ನೂ. ಸಾಲ ಕೊಡುವ ಮೊದಲು ಕಂತು ಕಟ್ಟುವ ತಾಕತ್ತು ನೋಡಿದ ಹಾಗೆ. ಎಂಟು ವರ್ಷ ಕಾದು, 2016ರ ಆಗಸ್ಟ್‌ನಲ್ಲಿ ಚಂಡೀಗಢದ ವಿಕಿ ಸಮ್ಮೇಳನದಲ್ಲಿ ಅದಕ್ಕೆ ಬಾಗಿಲು ತೆರೆದದ್ದನ್ನು ಘೋಷಿಸಿದರು. ಮಂಗಳೂರು ಕಡೆಯವರು ನಮ್ಮ ದೆಹಲಿಯಲ್ಲೂ ಬಹಳ ಇದ್ದಾರೆ. ಅವರಲ್ಲಿ ಯಾರಾದರೂ ಆ ಎಂಟು ವರ್ಷದ ಕಾಲದಲ್ಲಿ ಅಲ್ಲಿ ಬರೆದಿದ್ದರೆ, ತಿಂಗಳ ಲೆಕ್ಕ ಹೇಗೆ ಇಡುತ್ತಿದ್ದರು ಎಂದು ಕೇಳಬೇಕೆಂದಿದ್ದೇನೆ.